ಸೋಮವಾರ ಗೂಳಿಗೆ ರಜೆ

ಜೂನ್ 10, 2024, ಸೋಮವಾರ
ಡರ್ಹಮ್

ಇವತ್ತು ಒಂದು ಪೆದ್ದು ಕೆಲಸ ಮಾಡಿದೆ. ಊರಿಂದ ಬಂದಿರುವ ಅಪ್ಪನಿಗೆ ಬೇಸ್‌ಬಾಲ್ ತೋರಿಸುತ್ತೇನೆ ಅಂತ, ಅಮೆರಿಕದ ಈ ಊರಿನ ಟೀಮು ಡರ್ಹಮ್ ಬುಲ್ಸ್ ಮೈದಾನಕ್ಕೆ ಕರೆದುಕೊಂಡು ಹೋದೆ. ಗೇಟಿಗೆ ಬೀಗ. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯ ಜೊತೆ ಆರು ಆಟ, ಸೋಮವಾರ ರಜೆ. 2021ರಿಂದ ಈ ಲೀಗ್‌ನಲ್ಲಿ ಹಾಗೇ ನಡೆಯುತ್ತಿದೆ. ಇಷ್ಟು ವರ್ಷದಿಂದ ಇದೇ ಊರಲ್ಲಿದ್ದು ಅದೂ ಗೊತ್ತಿಲ್ವಾ ಅಂತ ಕೇಳಬೇಡಿ. ಮನೆಯಲ್ಲಿ ಆಗಲೇ ಕೇಳಿಯಾಗಿದೆ.

ಅಪ್ಪ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಗೆ ನಿನ್ನೆ ನ್ಯೂಯಾರ್ಕ್‌ನಲ್ಲಿ ನಡೆದ ಮ್ಯಾಚಿನ ಗುಂಗು ಇನ್ನೂ ಇಳಿದಿಲ್ಲ. 119ಕ್ಕೆ ಆಲೌಟ್ ಆಗಿ, ಪಾಕಿಸ್ತಾನವನ್ನು 113ಕ್ಕೆ ನಿಲ್ಲಿಸೋದು ಅಂದರೆ! "ಬುಮ್ರಾ ಇರೋವಾಗ ಈ ಬೇಸ್‌ಬಾಲು ಯಾಕಮ್ಮ" ಅಂದರು.

ಸರಿ, ರಸ್ತೆ ದಾಟಿ ಎದುರಿಗಿರುವ ಹಳೇ ಸಿಗರೇಟ್ ಫ್ಯಾಕ್ಟರಿಗೆ ಹೋಗಿ ಕೂತೆವು. ಅಮೆರಿಕನ್ ಟೊಬ್ಯಾಕೊ ಕಂಪನಿಯದ್ದು. 1987ರಲ್ಲಿ ಮುಚ್ಚಿತು, 2004ರಲ್ಲಿ ಆಫೀಸು, ಹೋಟೆಲು ಆಗಿ ಮತ್ತೆ ತೆರೆಯಿತು. ಲಕ್ಕಿ ಸ್ಟ್ರೈಕ್ ಅಂತ ಅವರ ಸಿಗರೇಟಿನ ಹೆಸರು ಬರೆದ ನೀರಿನ ಟ್ಯಾಂಕು ಇನ್ನೂ ನಿಂತಿದೆ. ಅಪ್ಪ ಒಂದು ಸಲ ಮೂಗೆಳೆದು ಗಾಳಿ ಮೂಸಿದರು. "ವಾಸನೆ ಇಲ್ಲವಲ್ಲ" ಅಂದರು. ಪಿರಿಯಾಪಟ್ಟಣದ ಮನುಷ್ಯ. ಬ್ಯಾರನ್‌ನಲ್ಲಿ, ಅಂದರೆ ತಂಬಾಕು ಹದ ಮಾಡುವ ಮನೆಯಲ್ಲಿ, ಹೊಗೆಸೊಪ್ಪು ಬೇಯುವ ವಾಸನೆಯಲ್ಲೇ ಹೈಸ್ಕೂಲು ನಡೆಸಿದವರು. ನಮ್ಮ ಕಡೆಯವರು ಬೆಳೆಯುವ ವರ್ಜೀನಿಯಾ ತಂಬಾಕನ್ನು ಹೀಗೆ ಬಿಸಿಗಾಳಿಯಲ್ಲಿ ಹದ ಮಾಡುವುದನ್ನು ಮೊದಲು ಕಂಡುಕೊಂಡದ್ದು ಇದೇ ನಾರ್ತ್ ಕೆರೊಲಿನಾ ಸೀಮೆಯವರು ಅಂದೆ. ನಂಬಲಿಲ್ಲ. ಆಮೇಲೆ ನಂಬಿದರು. "ಹಾಗಾದ್ರೆ ನಮ್ಮ ಹುಡುಗರ ಹಾಜರಿ ಹಾಳು ಮಾಡಿದವರು ಇವರೇ ಅನ್ನು."

ಟೀಮಿನ ಹೆಸರೂ ತಂಬಾಕಿನದ್ದೇ. ಬುಲ್ ಡರ್ಹಮ್ ಅನ್ನೋದು ಗೂಳಿ ಚಿತ್ರದ ತಂಬಾಕು ಬ್ರಾಂಡು. ಅದನ್ನು ಹೇಳಿದ್ದೇ ತಡ, "ಮೊದಲಿಂದ ಓದು, ವರ್ಷ ವರ್ಷದ್ದು" ಅಂತ ಜೇಬಿನಿಂದ ಪುಸ್ತಕ, ಪೆನ್ನು ತೆಗೆದರು. ನಾನು ಫೋನಿನಲ್ಲಿ ನೋಡಿ ಓದಿದೆ. ಅವರು ಎಸ್ಸೆಸ್ಸೆಲ್ಸಿ ರಿಸಲ್ಟ್ ಬರೆದುಕೊಳ್ಳುವ ಹಾಗೆ ಬರೆದುಕೊಂಡರು.

1902ರಲ್ಲಿ ಶುರು. ಆಗ ಹೆಸರು ಟೊಬ್ಯಾಕೊನಿಸ್ಟ್ಸ್. ಜುಲೈನಲ್ಲೇ ಲೀಗು ಮುಳುಗಿತು. 1913ರಲ್ಲಿ ಬುಲ್ಸ್ ಅಂತ ಮತ್ತೆ ಬಂದರು. 1926ರಲ್ಲಿ ಹೊಸ ಮೈದಾನ. ಅದರ ಉದ್ಘಾಟನೆಗೆ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್, ಹಿಂದೆ ಜಡ್ಜ್ ಆಗಿದ್ದವರು, ನಿಜವಾದ ಗೂಳಿ ಮೇಲೆ ಕೂತು ಮೈದಾನಕ್ಕೆ ಬಂದಿದ್ದರಂತೆ. ಅಪ್ಪ ಪೆನ್ನು ಕೆಳಗಿಟ್ಟು ನಕ್ಕರು. "ನಮ್ಮ ಬಿಇಓ ಸಾಹೇಬರಿಗೆ ಹೀಗೊಂದು ಮೆರವಣಿಗೆ ಮಾಡಿಸಬೇಕಿತ್ತು."

1939ರ ಜೂನ್‌ನಲ್ಲಿ ಸ್ಟ್ಯಾಂಡು ಪೂರ್ತಿ ಸುಟ್ಟುಹೋಯಿತು. ಆಮೇಲೆ ಕಾಂಕ್ರೀಟು, ಉಕ್ಕು ಹಾಕಿ ಕಟ್ಟಿದರು. 1963ರಲ್ಲಿ ಜೋ ಮಾರ್ಗನ್ ಇಲ್ಲಿ ಆಡಿದ. ಕರಿಯರ ಹುಡುಗ, ಕಂಡಕಂಡ ಊರಲ್ಲಿ ಬೈಸಿಕೊಂಡು ಆಡಿದವನು. ಆಟ ಬಿಟ್ಟು ಮನೆಗೆ ಹೋಗೋಣ ಅಂತ ಒಂದು ಸಲ ಹೊರಟೂ ಇದ್ದ. ಮುಂದೆ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ. ಅವನ 18ನೇ ನಂಬರನ್ನು ಬುಲ್ಸ್ ಈಗ ಯಾರಿಗೂ ಕೊಡುವುದಿಲ್ಲ. "ಕೊಹ್ಲಿ ನಂಬರು!" ಅಂದರು ಅಪ್ಪ. ಪುಸ್ತಕದಲ್ಲಿ ಅದರ ಸುತ್ತ ಒಂದು ಗುಂಡು ಹಾಕಿದರು.

1968ರಿಂದ 71, ಪಕ್ಕದೂರು ರಾಲಿಯ ಜೊತೆ ಸೇರಿ ಒಂದೇ ಟೀಮು. 1972ರಿಂದ 79, ಏನೂ ಇಲ್ಲ. ಎಂಟು ವರ್ಷ.

"ಶಾಲೆ ಮುಚ್ಚಿತ್ತಾ?"

"ಮುಚ್ಚಿತ್ತು."

"ತೆರೆದವರು ಯಾರು?"

ಮೈಲ್ಸ್ ವೋಲ್ಫ್ ಅನ್ನುವವರು 2,417 ಡಾಲರ್ ಕೊಟ್ಟು ಹಕ್ಕು ಕೊಂಡುಕೊಂಡರು. 1980ರಲ್ಲಿ ಅದೇ ಹಳೇ ಮೈದಾನದಲ್ಲಿ ಶುರು ಮಾಡಿದರು. ಇವತ್ತು ಆ ದುಡ್ಡಿಗೆ ಇಲ್ಲಿ ಒಂದು ಫ್ಲಾಟಿನ ಎರಡು ತಿಂಗಳ ಬಾಡಿಗೆ ಕಷ್ಟ.

ಮೈದಾನದಲ್ಲಿರುವ ಗೂಳಿ ಆಕಾರದ ದೊಡ್ಡ ಬೋರ್ಡಿನ ಕಥೆ ಹೇಳಿದ್ದು ತಪ್ಪಾಯಿತು. 1988ರಲ್ಲಿ ಬಂದ ಒಂದು ಸಿನಿಮಾಗೆ ಅಂತ ಮೈದಾನದಲ್ಲಿ ನಿಲ್ಲಿಸಿದ್ದು, ಜನಕ್ಕೆ ಇಷ್ಟವಾಗಿ ಉಳಿದುಕೊಂಡಿತು. 1995ರಲ್ಲಿ ಈ ಹೊಸ ಮೈದಾನಕ್ಕೆ ಬಂದ ಮೇಲೂ ಗೂಳಿ ಬಿಡಲಿಲ್ಲ. ನಮ್ಮವರು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದರೆ ಅದರ ಕಣ್ಣು ಕೆಂಪಾಗುತ್ತೆ, ಮೂಗಿನಿಂದ ಹೊಗೆ ಬರುತ್ತೆ, ಬಾಲ ಅಲ್ಲಾಡುತ್ತೆ. ಚೆಂಡು ಗೂಳಿಗೆ ಬಡಿದರೆ ಹೊಡೆದವನಿಗೆ ಸ್ಟೇಕ್. ಕಾಲಡಿಯ ಹುಲ್ಲಿಗೆ ಬಡಿದರೆ ಸಲಾಡ್. ಸ್ಟೇಕ್ ಅಂದರೆ ದನದ ಮಾಂಸದ ದಪ್ಪ ತುಂಡು ಅಂತ ವಿವರಿಸಬೇಕಾಯಿತು. ಅಪ್ಪನ ಮುಖ ಸಣ್ಣಗಾಯಿತು. "ಪಾಪ, ಅದರ ಮೇಲೇ ಬರೆದಿದಾರಲ್ಲಮ್ಮ. ನಮಗೆ ಹುಲ್ಲೇ ಸಾಕು."

ಅಷ್ಟರಲ್ಲಿ ಕಾಫಿ ಬಂತು. ಆರು ಡಾಲರ್. 500 ರೂಪಾಯಿ ಅಂತ ಲೆಕ್ಕ ಹಾಕಿ ತೊಟ್ಟೂ ಬಿಡದೆ ಕುಡಿದರು.

ಆಮೇಲೆ 1998. ಆವತ್ತಿನಿಂದ ಇವರು ಟ್ಯಾಂಪಾ ಬೇ ತಂಡದ ಕೈಕೆಳಗೆ, ದೊಡ್ಡ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ. 2002, 2003, 2009, 2013, 2017, 2018, 2021, 2022, ಇಷ್ಟು ಸಲ ಲೀಗಿನ ಕಪ್ ಗೆದ್ದಿದ್ದಾರೆ. (ಆರ್‌ಸಿಬಿ ಬಗ್ಗೆ ಇಲ್ಲಿ ನಾನೇನೂ ಹೇಳೋಲ್ಲ.) 2020 ಮಾತ್ರ ಖಾಲಿ, ಕೊರೊನಾ. ಮುಂದೆ ದೊಡ್ಡ ಲೀಗಿನಲ್ಲಿ ಹೆಸರು ಮಾಡಿದ ಲಾಂಗೋರಿಯಾ, ಡೇವಿಡ್ ಪ್ರೈಸ್ ಎಲ್ಲ ಇಲ್ಲಿಂದಲೇ ಹೋದವರು ಅಂದೆ.

"ಹೋದವರು ಅಂದ್ರೆ?"

ಚೆನ್ನಾಗಿ ಆಡಿದರೆ ಮೇಲಿನವರು ಕರೆಸಿಕೊಳ್ಳುತ್ತಾರೆ. ಸೀಸನ್ ಮಧ್ಯದಲ್ಲೇ. ಮಧ್ಯಾಹ್ನ ಫೋನು, ಸಂಜೆ ವಿಮಾನ.

"ಕಪ್ ಗೆಲ್ಲೋ ಹೊತ್ತಲ್ಲಿ ಕರೆದರೂ ಕಳಿಸಬೇಕಾ?"

"ಕಳಿಸಲೇಬೇಕು. ಕಳಿಸೋದೇ ಇವರ ಕೆಲಸ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಟ್ಯಾಂಕ್ ಕಡೆ ನೋಡಿಕೊಂಡೇ ಹೇಳಿದರು, "22 ವರ್ಷ ನಾನೂ ಇಂಥದ್ದೇ ಟೀಮು ನಡೆಸಿದ್ದು ಕಣಮ್ಮ. ಚೆನ್ನಾಗಿ ಓದಿದವನು ಮೈಸೂರಿಗೆ. ಇನ್ನೂ ಚೆನ್ನಾಗಿ ಓದಿದವನು ಬೆಂಗಳೂರಿಗೆ. ಆಗಸ್ಟ್ ಬಂದರೆ ಉಳಿದವರಲ್ಲಿ ಅರ್ಧ ಜನ ಬ್ಯಾರನ್‌ಗೆ. ಆದರೂ ಬೆಲ್ ಹೊಡೀಬೇಕಲ್ಲ."

ನಾನೂ ಅದೇ ಶಾಲೆಯವಳು. ಏನು ಹೇಳಲಿ. ಕಾಫಿ ಲೋಟ ಎಸೆಯುವ ನೆಪದಲ್ಲಿ ಎದ್ದೆ.

ಈಗ ರಾತ್ರಿ ಹನ್ನೊಂದು. ಅಪ್ಪ ಮಲಗಿದ್ದಾರೆ. ಊಟದ ಮೇಜಿನ ಮೇಲೆ ಪುಸ್ತಕ ಬಿಟ್ಟುಹೋಗಿದ್ದಾರೆ. ಸ್ಕೇಲಿನಿಂದ ಗೆರೆ ಎಳೆದಿದ್ದಾರೆ. ಇಸವಿ, ಫಲಿತಾಂಶ, ಷರಾ. 1972ರಿಂದ 79ರವರೆಗೆ ಒಂದೊಂದು ಸಾಲಿಗೂ "ಗೈರು". 2020ಕ್ಕೆ "ಗೈರು (ಕಾರಣ ಇದೆ)". 1968ರ ಸಾಲಿನಲ್ಲಿ ಮಾತ್ರ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ: ಎರಡು ಊರು ಸೇರಿ ಹೆಸರು ಬದಲಾದರೆ ಅದೇ ಶಾಲೆ ಅಂತ ಲೆಕ್ಕ ಹಿಡಿಯಬಹುದೇ?

ಬೆಳಿಗ್ಗೆ ಕೇಳಿಯೇ ಕೇಳುತ್ತಾರೆ. ಅದಕ್ಕಿಂತ ಮುಂಚೆ ಈ ವಾರ ಬುಲ್ಸ್ ಊರಲ್ಲಿದ್ದಾರಾ, ಬೇರೆ ಊರಿಗೆ ಹೋಗಿದ್ದಾರಾ ನೋಡಬೇಕು. ಅವರ ಟಿಕೆಟ್ ಜುಲೈ ಮೊದಲ ವಾರಕ್ಕಿದೆ, ಇನ್ನು ಉಳಿದಿರುವುದು ಮೂರು ವಾರ, ಅದರಲ್ಲೂ ಸೋಮವಾರಗಳನ್ನು ಕಳೆದರೆ…