ಪೂಜೆ ಇಲ್ಲದ ಸಂಕ್ರಾಂತಿ: ಎಳ್ಳು, ಅಚ್ಚು, ಒಂದು ಕೋಲಿನ ನೆರಳು

ದೇವರನ್ನು ನಂಬದವರ ಮನೆಯಲ್ಲಿ ಸಂಕ್ರಾಂತಿಯ ದಿನ ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ. ಹಿರಿಯರಿಗೆ ಬೇಸರವಾಗಬಾರದು ಅಂತ ಒಲ್ಲದ ಮನಸ್ಸಿನಿಂದ ಪೂಜೆಗೆ ಕೂರುತ್ತಾರೆ, ಇಲ್ಲವೇ ಅಂಗಡಿಯ ಎಳ್ಳು-ಬೆಲ್ಲದ ಪೊಟ್ಟಣ ಒಡೆದು ಟೀವಿ ಹಚ್ಚುತ್ತಾರೆ. ಎರಡರಲ್ಲೂ ಹಬ್ಬ ಇರುವುದಿಲ್ಲ. ಈ ಹಬ್ಬದ ಹೆಚ್ಚಿನ ಪಾಲು ನಡೆಯುವುದು ಅಡುಗೆಮನೆಯಲ್ಲಿ, ತಾರಸಿಯ ಬಿಸಿಲಲ್ಲಿ, ಅಕ್ಕಪಕ್ಕದವರ ಬಾಗಿಲಲ್ಲಿ. ದೇವರ ಕೋಣೆ ಬಿಟ್ಟರೂ ಒಂದು ವಾರದ ಕೆಲಸ ಉಳಿಯುತ್ತದೆ. ಆ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇವೆ.

ಜನವರಿ 8-9ಕ್ಕೇ ಶುರು ಮಾಡಿ, ಕೊಬ್ಬರಿಯಿಂದ. ಹುರಿಗಡಲೆ, ಕಡಲೆಬೀಜ, ಒಣಕೊಬ್ಬರಿ, ಬೆಲ್ಲ ತಲಾ 250 ಗ್ರಾಂ, ಬಿಳಿ ಎಳ್ಳು 125 ಗ್ರಾಂ. ಎಳ್ಳು ಇದಕ್ಕಿಂತ ಹೆಚ್ಚಾದರೆ ಡಬ್ಬಿಯ ತಳಕ್ಕೆ ಇಳಿದು ಕೂರುತ್ತದೆ. ಕೊಬ್ಬರಿಯ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು, ಹುರಿಗಡಲೆಯಷ್ಟೇ ಸಣ್ಣ ಚೂರು ಮಾಡಿ, ತೆಳು ಬಟ್ಟೆ ಮುಚ್ಚಿ ಎರಡು ದಿನ ಬಿಸಿಲಿಗಿಡಿ. ಹಸಿ ಉಳಿದರೆ ನಾಲ್ಕೇ ದಿನಕ್ಕೆ ಕಮಟು ವಾಸನೆ. ಬೆಲ್ಲಕ್ಕೆ ಚಾಕು ಬೇಡ, ಪುಡಿಯಾಗುತ್ತದೆ. ಅಡಕೊತ್ತಿನಲ್ಲಿ ಕತ್ತರಿಸಿದರೆ ಚೂರು ಚೂರಾಗಿ ಬರುತ್ತದೆ. ಅದಕ್ಕೂ ಒಂದು ದಿನದ ಬಿಸಿಲು ಬೇಕು. ಕೊನೆಗೆ ಉಳಿಯುವ ಪುಡಿ ಸಿಹಿ ಪೊಂಗಲ್‌ಗೆ ಆಗುತ್ತದೆ.

ಎಳ್ಳನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲ ಚಿಟಪಟ ಸದ್ದು ಕೇಳುತ್ತಲೇ ತಟ್ಟೆಗೆ ಸುರಿಯಬೇಕು. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕಹಿಯಾಗುತ್ತದೆ. ಕಡಲೆಬೀಜ ಹುರಿದು, ಉಜ್ಜಿ, ಮೊರದಲ್ಲಿ ಕೇರಿ, ಎರಡು ಹೋಳಾಗಿ ಬಿಡಿಸಿ. ಎಲ್ಲವೂ ಪೂರ್ತಿ ತಣ್ಣಗಾದ ಮೇಲೆಯೇ ಬೆಲ್ಲ ಸೇರಿಸಿ. ಬಿಸಿ ಇರುವಾಗಲೇ ಸೇರಿಸಿದರೆ ಬೆಲ್ಲ ಕರಗಿ ಎಲ್ಲಾ ಒಂದೇ ಮುದ್ದೆ. ಜನ ಹೆಚ್ಚಾಗಿ ಎಡವುವುದು ಇಲ್ಲೇ.

ಇನ್ನು ಸಕ್ಕರೆ ಅಚ್ಚು. ಬಹಳ ಮನೆಗಳಲ್ಲಿ ಮರದ ಅಚ್ಚುಗಳು ಅಟ್ಟ ಸೇರಿವೆ, ದಯವಿಟ್ಟು ಇಳಿಸಿ. ತುಳಸಿಕಟ್ಟೆ, ಗೋಪುರದ ಅಚ್ಚುಗಳನ್ನು ನಂಬಿಕೆಯಿಲ್ಲ ಅಂತ ಬದಿಗಿಡುವವರಿದ್ದಾರೆ; ನಮಗೆ ಅದು ಸರಿ ಕಾಣುವುದಿಲ್ಲ, ಮರ ಕೆತ್ತಿದವರ ಕೈಚಳಕ ಅದರಲ್ಲೂ ಅಷ್ಟೇ ಇದೆ. ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ, ಒರೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ತಟ್ಟೆಯ ಮೇಲೆ ನಿಲ್ಲಿಸಿ. ಒಣಗಿದ ಮರಕ್ಕೆ ಸಕ್ಕರೆ ಕಚ್ಚಿಕೊಳ್ಳುತ್ತದೆ, ತೆಗೆಯುವಾಗ ಗಿಳಿಯ ಕೊಕ್ಕೇ ಮುರಿಯುತ್ತದೆ.

ಒಂದು ಕೆಜಿ ಸಕ್ಕರೆಗೆ ಸುಮಾರು 400 ಮಿಲಿ ನೀರು ಹಾಕಿ ಕುದಿಸಿ. ಎರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಪಾಕವನ್ನು ಬಟ್ಟೆಯಲ್ಲಿ ಸೋಸಿ. ಆಮೇಲೆ ಒಮ್ಮೆಗೆ ಎರಡು ಸೌಟಿನಷ್ಟನ್ನೇ ಸಣ್ಣ ಪಾತ್ರೆಗೆ ಹಾಕಿ ಕಾಯಿಸಿ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಬೆರಳಿಗೆ ಮೆತ್ತನೆಯ ಉಂಡೆ ಸಿಗಬೇಕು. ಥರ್ಮಾಮೀಟರ್ ಇದ್ದರೆ 114 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕೆಳಗಿಳಿಸಿ ಸೌಟಿನ ಬೆನ್ನಿಂದ ಪಾತ್ರೆಯ ಒಳಬದಿಗೆ ಉಜ್ಜುತ್ತಾ ಹೋಗಿ. ಗಾಜಿನಂತಿದ್ದ ಪಾಕದಲ್ಲಿ ಮೊದಲು ಅಂಚಿಗೆ ಮಂಜು ಕವಿದ ಹಾಗೆ ಬಿಳುಪು ಕಾಣಿಸುತ್ತದೆ, ಕಣ್ಣೆದುರೇ ಅದು ನಡುವಿಗೆ ಹಬ್ಬುತ್ತದೆ. ಸಣ್ಣ ಸಣ್ಣ ಹರಳು ಕಟ್ಟುತ್ತಿವೆ ಅಂತ ಅರ್ಥ. ಹೊಯ್ಯಬೇಕಾದದ್ದು ಆ ಕೆಲವೇ ಸೆಕೆಂಡುಗಳಲ್ಲಿ. ಮುಂಚೆ ಹೊಯ್ದರೆ ಅಚ್ಚಿನೊಳಗೆ ಅಂಟಂಟಾಗಿಯೇ ಉಳಿಯುತ್ತದೆ, ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಕಲ್ಲಾದರೆ ಗಾಬರಿ ಬೇಡ, ಎರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿ. ನಿಂಬೆರಸ ಮಾತ್ರ ಬೇಡವೇ ಬೇಡ. ಹುಳಿ ಬಿದ್ದರೆ ಸಕ್ಕರೆ ಹರಳು ಕಟ್ಟುವುದಿಲ್ಲ. ಹತ್ತು ನಿಮಿಷ ಬಿಟ್ಟು ಅಚ್ಚು ಬಿಚ್ಚಿ. ಮುರಿದವು ಹಾಲಿಗೆ.

ಎಳ್ಳು ಬೀರುವ ವಿಷಯದಲ್ಲಿ ನಮಗೆ ಗಟ್ಟಿಯಾದ ಅಭಿಪ್ರಾಯವಿದೆ. ಅರಿಶಿನ-ಕುಂಕುಮದ ಜೊತೆ ಬೀರುವಾಗ ಅದು ಮುತ್ತೈದೆಯರ ಸುತ್ತಲೇ ತಿರುಗುತ್ತದೆ, ಗಂಡ ತೀರಿಕೊಂಡವರು ಒಳಕೋಣೆಯಲ್ಲಿ ಉಳಿಯುತ್ತಾರೆ. ನಂಬಿಕೆಯ ಕಟ್ಟು ಇಲ್ಲದ ಮನೆ ಮೊದಲು ಹೋಗಬೇಕಾದದ್ದು ಅವರ ಬಾಗಿಲಿಗೆ. ಮೇಲಿನ ಅಳತೆಯಲ್ಲಿ 50 ಗ್ರಾಂನಂತೆ 22 ಪೊಟ್ಟಣ ಆಗುತ್ತವೆ. ಹೆಸರುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ: ಬೀದಿಯ ಪೌರಕಾರ್ಮಿಕರು, ರಾತ್ರಿ ಕಾವಲಿನವರು, ಬೇರೆ ಧರ್ಮದ ನೆರೆಯವರು, ಹೊಸದಾಗಿ ಬಾಡಿಗೆಗೆ ಬಂದ ಹುಡುಗರು. ಬರೆದಿಡದಿದ್ದರೆ ಪೊಟ್ಟಣಗಳೆಲ್ಲ ನೆಂಟರಲ್ಲೇ ಮುಗಿದುಹೋಗುತ್ತವೆ. ಜೊತೆಗೊಂದು ಕಬ್ಬಿನ ತುಂಡು, ಒಂದು ಅಚ್ಚು, ಎರಡು ಏಲಕ್ಕಿ ಬಾಳೆ. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಅನ್ನಲು ಯಾವ ದೇವರೂ ಬೇಕಿಲ್ಲ. ಐದು ವರ್ಷದೊಳಗಿನ ಮಕ್ಕಳಿದ್ದ ಮನೆಗೆ ಪುಡಿ ಮಾಡಿ ಕೊಡಿ, ಕಡಲೆಬೀಜ ಮತ್ತು ಕೊಬ್ಬರಿ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮಕ್ಕಳ ತಲೆಯ ಮೇಲೆ ಎಳಚಿ ಹಣ್ಣು ಎರೆಯುವುದಾದರೂ ಬೀಜದ ಮೇಲೆ ಕಣ್ಣಿರಲಿ.

ಮನೆಯಲ್ಲಿ ಅಪ್ಪ-ಅಮ್ಮ ಪೂಜೆ ಮಾಡುವವರಾದರೆ ಹಬ್ಬದ ಬೆಳಿಗ್ಗೆ ವಾದ ಬೇಡ. ಅವರು ಪೂಜೆ ಮುಗಿಸುವಷ್ಟರಲ್ಲಿ ನೀವು ಅವರೆಕಾಳು ಹಿದುಕಿಡಿ.

ಪೂಜೆಯ ಹೊತ್ತಿಗೆ ಬದಲಾಗಿ ಏನು ಅಂತ ಕೇಳುವವರಿಗೆ ನಮ್ಮ ಉತ್ತರ: ಸೂರ್ಯನನ್ನೇ ಅಳೆಯಿರಿ. ಒಂದು ಮೀಟರ್ ಉದ್ದದ ಕೋಲನ್ನು ತಾರಸಿಯಲ್ಲಿ ತೂಕದ ದಾರ ಹಿಡಿದು ನೆಟ್ಟಗೆ ನಿಲ್ಲಿಸಿ. ಬೆಂಗಳೂರಿನಲ್ಲಿ ಜನವರಿ 14ರಂದು ಸೂರ್ಯ ನೆತ್ತಿಯ ಗೆರೆ ದಾಟುವುದು ಹನ್ನೆರಡಕ್ಕಲ್ಲ, ಸುಮಾರು 12:29ಕ್ಕೆ. ಆಗ ನೆರಳು ಸುಮಾರು 68 ಸೆಂ.ಮೀ. ಡಿಸೆಂಬರ್ 21ಕ್ಕೇ ಗುರುತು ಹಾಕಿಟ್ಟಿದ್ದರೆ ಅದು 74ರ ಹತ್ತಿರ ಇರುತ್ತದೆ. ಅಂದರೆ ಸೂರ್ಯ ಉತ್ತರಕ್ಕೆ ತಿರುಗಿ ಆಗಲೇ ಮೂರು ವಾರ ದಾಟಿದೆ. ನೆರಳಿನ ತುದಿ ಮಸುಕಾಗಿರುವುದರಿಂದ ಒಂದೆರಡು ಸೆಂ.ಮೀ. ತಪ್ಪುವುದು ಸಹಜ. ಕೋಲಿನ ತುದಿಗೆ ಸಣ್ಣ ತೂತಿನ ರಟ್ಟು ಕಟ್ಟಿ, ನೆಲಕ್ಕೆ ಬೀಳುವ ಬೆಳಕಿನ ಚುಕ್ಕೆಯ ನಡುವಿಗೆ ಅಳೆದರೆ ಸರಿಹೋಗುತ್ತದೆ.

ಉತ್ತರಾಯಣ ಡಿಸೆಂಬರ್‌ನಲ್ಲಿ, ಹಬ್ಬ ಜನವರಿಯಲ್ಲಿ ಯಾಕೆ ಅಂತ ಮಕ್ಕಳು ಕೇಳುವುದು ಆಗಲೇ. ಪಂಚಾಂಗದ ವರ್ಷ ನಕ್ಷತ್ರಗಳನ್ನು ಆಧರಿಸಿದ್ದು, ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹೀಗಾಗಿ 70 ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನ ಹಬ್ಬ ಮುಂದೆ ಸರಿಯುತ್ತದೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಹಾದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಲಿಂಗದ ಮೇಲೆ ಬೀಳುವ ಬಿಸಿಲನ್ನೂ ಸೂರ್ಯನ ಈ ಓಡಾಟದ ಲೆಕ್ಕದಲ್ಲೇ ನೋಡಬಹುದು: ದಕ್ಷಿಣಕ್ಕೆ ಸರಿಯುವಾಗ, ನವೆಂಬರ್ ಕೊನೆಯ ವಾರದಲ್ಲೂ ಸೂರ್ಯ ಅದೇ ಹಾದಿಯಲ್ಲಿ ಇಳಿಯುತ್ತಾನೆ. ಕಟ್ಟಿದವರ ಅಳತೆಯ ಜಾಣ್ಮೆಗೆ ಬೆರಗಾಗಲು ಭಕ್ತಿಯೇ ಬೇಕೆಂದಿಲ್ಲ.

ತಾರಸಿಯ ಗುರುತುಗಳನ್ನು ಅಳಿಸಬೇಡಿ. ಮಾರ್ಚ್ 21ಕ್ಕೆ ಅದೇ ಕೋಲಿನ ನೆರಳು 23 ಸೆಂ.ಮೀ.ಗೆ ಇಳಿದಿರುತ್ತದೆ, ಏಪ್ರಿಲ್ 24ರ ಆಸುಪಾಸಿನಲ್ಲಿ ಬುಡದಲ್ಲೇ ಅಡಗಿಬಿಡುತ್ತದೆ.