ಸಮೀಕರಣ ಕಲಿಕೆಯ ಡೈರಿ: ಮೊಳೆ, ಮೈಲುತುತ್ತ, ತಾಮ್ರದ ತಂತಿ

ರಾಸಾಯನಿಕ ಸಮೀಕರಣ ಸರಿದೂಗಿಸುವುದು, ಅಂದರೆ ಎರಡೂ ಕಡೆ ಪರಮಾಣುಗಳ ಲೆಕ್ಕ ಸಮ ಮಾಡುವುದು, ಈಗ ಕೈಗೆ ಹತ್ತಿದೆ. ಪ್ರೊಪೇನ್ ಎಂಬ ಇಂಧನ ಅನಿಲ ಆಕ್ಸಿಜನ್ನಿನಲ್ಲಿ ಉರಿಯುವುದನ್ನೇ ತಗೊಳ್ಳಿ. ಅದರ ಒಂದು ಅಣುವಿನಲ್ಲಿ 3 ಕಾರ್ಬನ್, 8 ಹೈಡ್ರೋಜನ್. ಕಾರ್ಬನ್ನಿಗೆ 3 ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ನಿಗೆ 4 ನೀರು. ಬಲಗಡೆ ಆಕ್ಸಿಜನ್ ಎಣಿಸಿದರೆ 6 ಮತ್ತು 4, ಒಟ್ಟು 10. ಒಂದು ಆಕ್ಸಿಜನ್ ಅಣುವಿನಲ್ಲಿ 2 ಪರಮಾಣು, ಹಾಗಾಗಿ ಎಡಗಡೆ 5 ಆಕ್ಸಿಜನ್ ಅಣು. ಆಕ್ಸಿಜನ್ ಎಡಗಡೆ ಒಂಟಿಯಾಗಿರುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಅದರ ಸಂಖ್ಯೆ ಬದಲಿಸಿದರೆ ಬೇರೆ ಯಾವ ಲೆಕ್ಕವೂ ಕೆಡುವುದಿಲ್ಲ.

ಬದಲಿಸಬೇಕಾದ್ದು ಅಣುವಿನ ಮುಂದಿನ ಸಂಖ್ಯೆ ಮಾತ್ರ. ಕೆಳಗಿನ ಪುಟ್ಟ ಅಂಕಿಯನ್ನು ಮುಟ್ಟುವಂತಿಲ್ಲ. ನೀರಿನ ಆಕ್ಸಿಜನ್ ಪಕ್ಕ 2 ಸೇರಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್, ಬೇರೆಯದೇ ವಸ್ತು.

ಕ್ರಿಯೆಗಳ ಬಗೆಗಳಲ್ಲಿ ಸಂಯೋಗ, ವಿಭಜನೆ ಎರಡೂ ಬೇಗ ಮುಗಿದವು. ಮೆಗ್ನೀಸಿಯಂ ಆಕ್ಸಿಜನ್ ಜೊತೆ ಸೇರಿ ಬಿಳಿ ಪುಡಿಯಾಗುವುದು ಸಂಯೋಗ. ಪೆರಾಕ್ಸೈಡ್ ಒಡೆದು ನೀರು, ಆಕ್ಸಿಜನ್ ಆಗುವುದು ವಿಭಜನೆ. ನನ್ನನ್ನು ಹಿಡಿದು ಕೂರಿಸಿದ್ದು ಸ್ಥಾನಪಲ್ಲಟ, ಅಂದರೆ ಒಂದು ಧಾತು ಇನ್ನೊಂದನ್ನು ಅದರ ಸಂಯುಕ್ತದಿಂದ ಹೊರದಬ್ಬಿ ಆ ಜಾಗ ಹಿಡಿಯುವುದು.

ಕಬ್ಬಿಣದ ಮೊಳೆಯನ್ನು ಮರಳು ಕಾಗದದಿಂದ ಉಜ್ಜಿ ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ದ್ರಾವಣಕ್ಕೆ ಇಳಿಬಿಟ್ಟೆ. ಕೆಲವೇ ನಿಮಿಷಕ್ಕೆ ಕೆಂಪು ಪೊರೆ ಕೂತಿತು. ಮಾರನೇ ದಿನ ಅದು ಮುಟ್ಟಿದರೆ ಉದುರುವ ಕಂದು ಪದರವಾಗಿತ್ತು. ದ್ರಾವಣದ ನೀಲಿ ಮಾಸಿ ತೆಳು ಹಸಿರಿಗೆ ತಿರುಗಿತ್ತು.

ಕಬ್ಬಿಣ + ಕಾಪರ್ ಸಲ್ಫೇಟ್ → ಫೆರಸ್ ಸಲ್ಫೇಟ್ + ತಾಮ್ರ

ಎಲ್ಲವೂ ಒಂದೊಂದೇ, ಸರಿದೂಗಿಸುವ ಗೋಜೇ ಇಲ್ಲ. ಆದರೆ ಪರಮಾಣು ತೂಕ ಹಾಕಿ ನೋಡಿ. ಕಬ್ಬಿಣದ್ದು ಸುಮಾರು 55.8, ತಾಮ್ರದ್ದು 63.5. ಅಂದರೆ 1 ಗ್ರಾಂ ಕಬ್ಬಿಣ ಕರಗಿದರೆ ಸುಮಾರು 1.14 ಗ್ರಾಂ ತಾಮ್ರ ಬಂದು ಕೂರಬೇಕು. ಕಬ್ಬಿಣ ಕರಗುತ್ತಿದ್ದರೂ ಮೊಳೆ ಭಾರವಾಗುತ್ತದೆ! ದ್ರಾವಣ ಅಷ್ಟೇ ಹಗುರವಾಗುತ್ತದೆ, ಒಟ್ಟು ತೂಕ ಬದಲಾಗುವುದಿಲ್ಲ. 1789ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವೋಸಿಯೆ ಬರೆದಿದ್ದೂ ಇದನ್ನೇ: ಕ್ರಿಯೆಗೆ ಮುಂಚೆ ಎಷ್ಟು ದ್ರವ್ಯ ಇತ್ತೋ ಆಮೇಲೂ ಅಷ್ಟೇ ಇರುತ್ತದೆ.

ಆಮೇಲೆ ಉಲ್ಟಾ ಮಾಡಿ ನೋಡಿದೆ. ಫೆರಸ್ ಸಲ್ಫೇಟ್ ದ್ರಾವಣಕ್ಕೆ ತಾಮ್ರದ ತಂತಿ. ತಂತಿಗೆ ಏನೂ ಆಗಲಿಲ್ಲ. ಅದೇ ಸಮೀಕರಣವನ್ನು ಬಲದಿಂದ ಎಡಕ್ಕೆ ಬರೆದರೂ ಪರಮಾಣುಗಳ ಲೆಕ್ಕ ಸರಿಯಾಗಿಯೇ ಇರುತ್ತದೆ, ಅಲ್ವಾ? ಲೆಕ್ಕ ಸರಿ ಇದ್ದ ಮಾತ್ರಕ್ಕೆ ಕ್ರಿಯೆ ನಡೆಯಬೇಕೆಂದಿಲ್ಲ. ಅದನ್ನು ಹೇಳುವುದು ಲೋಹಗಳ ಕ್ರಿಯಾಶೀಲತೆಯ ಸರಣಿ, ಅಂದರೆ ಹೆಚ್ಚು ಚುರುಕಾಗಿ ಕ್ರಿಯೆ ನಡೆಸುವ ಲೋಹ ಮೇಲೆ, ಕಡಿಮೆಯದು ಕೆಳಗೆ ಇರುವ ಪಟ್ಟಿ. ಅದರಲ್ಲಿ ಕಬ್ಬಿಣ ತಾಮ್ರಕ್ಕಿಂತ ಮೇಲಿದೆ, ಹಾಗಾಗಿ ಕಬ್ಬಿಣ ತಾಮ್ರವನ್ನು ಹೊರದಬ್ಬುತ್ತದೆ, ತಾಮ್ರಕ್ಕೆ ಕಬ್ಬಿಣವನ್ನು ದಬ್ಬಲು ಆಗುವುದಿಲ್ಲ. ಈ ಸರಣಿಯನ್ನು ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಎರಡು ಲೋಟ ಪಕ್ಕಪಕ್ಕ ಇಟ್ಟು ನೋಡುವುದೇ ಮೇಲು. ಮೈಲುತುತ್ತ ವಿಷ, ಅಡುಗೆ ಪಾತ್ರೆ ಬಳಸಬೇಡಿ, ಉಳಿದಿದ್ದನ್ನು ಚರಂಡಿಗೆ ಸುರಿಯಬೇಡಿ.

ಮುಂದಿನದು ವಿನೆಗರ್ ಮತ್ತು ಅಡುಗೆ ಸೋಡಾ. ಆ ಒಂದು ನೊರೆಯಲ್ಲಿ ಎರಡು ಬಗೆ ಅಡಗಿವೆ. ಮೊದಲು ದ್ವಿಸ್ಥಾನಪಲ್ಲಟದಿಂದ, ಅಂದರೆ ಎರಡು ವಸ್ತುಗಳು ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಂಡು, ಕಾರ್ಬೋನಿಕ್ ಆಮ್ಲ, ತಕ್ಷಣ ಅದು ಒಡೆದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್. ತೆರೆದ ಲೋಟದಲ್ಲಿ ಮಾಡಿ, ಎಷ್ಟು ತೂಕ ಗಾಳಿಗೆ ಹೋಯಿತು ಎಂದು ಅಳೆದು, ಸಮೀಕರಣದ ಲೆಕ್ಕದ ಪಕ್ಕ ಇಟ್ಟು ನೋಡಬೇಕು.