ಎರಡು ಮೊಟ್ಟೆ, ನೂರು ಮಹಡಿ

ಹೋದ ಭಾನುವಾರ ದಾವಣಗೆರೆಯಲ್ಲಿ ಚಿಕ್ಕಪ್ಪನ ಮಗನ ಜೊತೆ ಬೆಣ್ಣೆ ದೋಸೆ ತಿನ್ನೋಕೆ ಕೂತಿದ್ದೆ. ಅವನದು ಇಂಜಿನಿಯರಿಂಗ್ ಕೊನೇ ವರ್ಷ. ಇಂಟರ್‌ವ್ಯೂಗೆ ಅಂತ ಒಂದು ನೋಟ್‌ಬುಕ್ ತುಂಬಾ ಪಜಲ್ ಬರೆದಿಟ್ಟುಕೊಂಡಿದ್ದಾನೆ. "ಎರಡು ಮೊಟ್ಟೆ ಇದೆ, ನೂರು ಮಹಡಿ ಕಟ್ಟಡ, ಎಷ್ಟನೇ ಮಹಡಿಯಿಂದ ಬಿಟ್ಟರೆ ಒಡೆಯುತ್ತೆ ಅಂತ ಕಂಡುಹಿಡಿಯೋಕೆ, ಅದೃಷ್ಟ ಕೈಕೊಟ್ಟರೂ, ಎಷ್ಟು ಸಲ ಬಿಟ್ಟರೆ ಸಾಕು..." ನಾನು ಮುಗಿಸೋ ಮೊದಲೇ "14 ಸಲ ಅಣ್ಣ" ಅಂದ. ಸರಿ, ಇನ್ನೂರು ಮಹಡಿ ಇದ್ರೆ? ಚಟ್ನಿಗೆ ಅದ್ದಿದ ತುತ್ತು ಅಲ್ಲೇ ನಿಂತಿತು.

ಅವನ ತಪ್ಪಲ್ಲ ಬಿಡಿ. ಕೇಳೋರು ಅದನ್ನೇ ಕೇಳ್ತಾರೆ, ಇವರು ಬಾಯಿಪಾಠ ಮಾಡ್ತಾರೆ.

ನನ್ನ ಮೊದಲ ಇಂಟರ್‌ವ್ಯೂನಲ್ಲಿ, ಬೆಂಗಳೂರಿನ ಒಂದು ಕಂಪನಿಯಲ್ಲಿ, ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಯುತ್ತೆ ಅಂತ ಕೇಳಿದ್ದರು. ನಾನು ವಿಮಾನ ಹತ್ತಿರಲಿಲ್ಲ, ಗಾಲ್ಫ್ ಚೆಂಡು ನಿಂಬೆಹಣ್ಣಿನಷ್ಟಿರುತ್ತೋ ಮೂಸಂಬಿಯಷ್ಟಿರುತ್ತೋ ಅದೂ ಗೊತ್ತಿರಲಿಲ್ಲ, ಕೇಳೋಕೆ ನಾಚಿಕೆ ಬೇರೆ. ಕೆಲಸ ಸಿಗಲಿಲ್ಲ. ಆಮೇಲೆ 2013ರಲ್ಲಿ ಗೂಗಲ್‌ನ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂದರ್ಶನದಲ್ಲಿ ಇದೇ ಗಾಲ್ಫ್ ಚೆಂಡಿನ ಉದಾಹರಣೆ ಕೊಟ್ಟು, ಇದೆಲ್ಲ ಟೈಮ್ ವೇಸ್ಟ್, ಕೇಳೋರಿಗೆ ತಾವು ಜಾಣರು ಅನ್ನಿಸುತ್ತೆ ಅಷ್ಟೇ ಅಂದಾಗ ಓದಿ ಎಷ್ಟು ಸಮಾಧಾನ ಆಯ್ತು ಅಂತೀರಾ!

ಈಗ ಇಂಟರ್‌ವ್ಯೂ ಮಾಡೋ ಸರದಿ ನನ್ನದು. ಫಿಜ್‌ಬಜ್ ಥರದ ಸಣ್ಣದೊಂದು ಕೇಳ್ತೀನಿ: 1ರಿಂದ 100ರವರೆಗೆ ಪ್ರೋಗ್ರಾಂ ಬರೆಯುತ್ತಾ ಹೋಗಬೇಕು, ಮೂರರ ಮಗ್ಗಿಯಲ್ಲಿ ಬಂದರೆ ಸಂಖ್ಯೆ ಬದಲು ಒಂದು ಪದ, ಐದರ ಮಗ್ಗಿಗೆ ಇನ್ನೊಂದು, ಎರಡರಲ್ಲೂ ಬಂದರೆ ಎರಡೂ. ಅದು ಪಜಲ್ ಅಲ್ಲ, ಕೋಡ್ ಬರೆಯೋಕೆ ಬರುತ್ತಾ ಅಂತ ನೋಡೋದು. ಆಮೇಲೆ ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ ನಲವತ್ತು ಸಾಲಿನ ಕೆಟ್ಟ ಪ್ರೋಗ್ರಾಂ ಕೊಡ್ತೀನಿ. ನಮ್ಮೂರ ಮಂಡಿ ನೆನಪಲ್ಲಿ ಬರೆದದ್ದು: ಮೆಕ್ಕೆಜೋಳದ ಚೀಲದ ಲೆಕ್ಕವನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಬೇಕು, ಆದರೆ 120 ಚೀಲ ಮೇಲೆ, 95 ಚೀಲ ಕೆಳಗೆ ಬರುತ್ತೆ. ಒಬ್ಬ ಹುಡುಗಿ ಕೋಡ್ ಮುಟ್ಟಲೇ ಇಲ್ಲ, ಔಟ್‌ಪುಟ್ ನೋಡಿ, "ಸರ್, ಇದು ಸಂಖ್ಯೆ ಅಂತ ಓದ್ತಿಲ್ಲ, ಅಕ್ಷರ ಅಂತ ಓದ್ತಿದೆ, ಅದಕ್ಕೇ 9ಕ್ಕಿಂತ 1 ಮೊದಲು" ಅಂದಳು. ಅವಳಿಗೆ ಮೊಟ್ಟೆ ಲೆಕ್ಕ ಬರುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ತಮ್ಮನ ಕಥೆ ಅಲ್ಲಿಗೇ ಮುಗಿಯಲಿಲ್ಲ. 14 ಯಾಕೆ ಬಂತು ಅಂತ ಟಿಶ್ಯೂ ಮೇಲೆ ಬರೆದು ತೋರಿಸಿದ್ದೆ. ಮೊದಲು 14ನೇ ಮಹಡಿ, ಒಡೆಯದಿದ್ದರೆ 13 ಮೇಲೆ ಹೋಗಿ 27, ಆಮೇಲೆ 12 ಮೇಲೆ ಹೋಗಿ 39, ಹೀಗೆ ಒಂದೊಂದೇ ಇಳಿಸಿಕೊಂಡು ಹೋಗೋದು. ಎಲ್ಲಾದರೂ ಒಡೆದರೆ ಎರಡನೇ ಮೊಟ್ಟೆಯನ್ನು ನಡುವೆ ಬಿಟ್ಟ ಮಹಡಿಗಳಿಂದ ಕೆಳಗಿನಿಂದ ಒಂದೊಂದಾಗಿ ಬಿಟ್ಟು ನೋಡೋದು, ಆಗ ಒಟ್ಟು 14 ದಾಟಲ್ಲ. ರಾತ್ರಿ ವಾಟ್ಸಾಪ್ ಬಂತು: "19, 18, 17 ಅಂತ 1ರವರೆಗೆ ಕೂಡಿದ್ರೆ, 19 ಸಲಕ್ಕೆ 190 ಮಹಡಿ ಅಷ್ಟೇ ಆಗುತ್ತೆ. ಇನ್ನೂರು ಮಹಡಿಗೆ 20 ಬೇಕು, ಅಲ್ವಾ ಅಣ್ಣ? ಮೂರು ಮೊಟ್ಟೆ ಕೊಟ್ರೆ?"